ಹುಣಸೆಹಣ್ಣು ಹಾಕಿ ಉಜ್ಜಿದ ಜೆಟ್ಟು

ಗೆಳೆಯರೇ, ನನ್ನ ಹಳೆಯ ರೇಸ್ ಬೈಕಿಗೆ ಇವತ್ತು ಸೋದರತ್ತೆ ಒಂದು ಗತಿ ಕಾಣಿಸಿದರು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆ ಜೆಟ್ಟನ್ನು ಆರು ತಿಂಗಳು ಕಾಗದ ಬರೆದು ಬೆಂಗಳೂರಿನಿಂದ ತರಿಸಿದ್ದೆ. ಅದರ ತೂತು ಕೂದಲೆಳೆಯಷ್ಟು. ಚೂರು ದೊಡ್ಡದಾದರೂ ಜೆಟ್ಟು ಕೆಟ್ಟಂತೆ. ನಾನು ಅರಸೀಕೆರೆಗೆ ಹೋಗಿ ಬರುವಷ್ಟರಲ್ಲಿ, ನಾಳೆ ಆಯುಧಪೂಜೆಯೆಂದು ಅತ್ತೆ ಅದನ್ನು ದೇವರ ದೀಪಗಳ ಜೊತೆ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ್ದರು.

"ತೂತಿನಾಗೆ ಬೂದಿ ಕಟ್ಕೊಂಡಿತ್ತು. ಪಿನ್ನು ಹಾಕಿ ದೊಡ್ಡದು ಮಾಡಿವ್ನಿ," ಎಂದರು.

"ಅದನ್ನ ಮುಟ್ಟು ಅಂತ ಯಾರತ್ತೆ ಹೇಳಿದ್ದು ನಿಂಗೆ?" ಎಂದು ಕಿರುಚಿದೆ.

"ವರ್ಷದಿಂದ ಈ ಬೈಕು ಕೆರೀತಾ ಕೂತಿದ್ದೀಯ, ಇಂಥ ಹೊಳಪು ಬಂದೈತೇನೋ? ಮಿಕ್ಕಿದ್ದೂ ಕೊಡು, ತೊಳ್ದು ಕೊಡ್ತೀನಿ."

ಬೈಕಿನ ಮಿಕ್ಕ ಬಿಡಿಭಾಗಗಳನ್ನೆಲ್ಲ ಕೋಣೆಯೊಳಗಿಟ್ಟು ಬೀಗ ಜಡಿದಿದ್ದೇನೆ. ಬೀಗವೂ ಹಿತ್ತಾಳೆಯದೇ. ಅತ್ತೆಯ ಕಣ್ಣು ಈಗ ಅದರ ಮೇಲಿದೆ.