ಸೆರಗಿನ ಮೇಲಿಂದ ಕೇಳಿದ ಎದೆ

ಹಾವೇರಿಯ ಸಭಾಭವನದಲ್ಲಿ ಡಾಕ್ಟರ್ ಚನ್ನೇಶನ ಕೊರಳಿಗೆ ಏಲಕ್ಕಿ ಹಾರ ಬಿತ್ತು. ಹೊಸ ಬಗೆಯ ಹೃದಯ ಕವಾಟ ಮಾಡಿದವ, ನಮ್ಮ ಜಿಲ್ಲೆಯ ಮಗ, ಬ್ಯಾಡಗಿ ಪೇಟೆಯ ಹಮಾಲನ ತಮ್ಮ ಎಂದು ಭಾಷಣದವರು ಏರಿಸಿದ್ದೇ ಏರಿಸಿದ್ದು. ಕೊನೆಗೆ ಮೈಕು ಹಿಡಿದವರಂತೂ, "ತಾಯಿಯಂತೆ ಸಾಕಿದ ಅತ್ತಿಗೆಯ ಕಾಯಿಲೆಯನ್ನು ಕಂಡುಹಿಡಿಯಲೆಂದೇ ಇವರು ಹೃದಯದ ವೈದ್ಯರಾದರು" ಎಂದುಬಿಟ್ಟರು. ದೊಡ್ಡ ಮನುಷ್ಯನಾದರೆ ಇದೊಂದು ಅನುಕೂಲ. ತನ್ನ ಪಾಲಿನ ಸುಳ್ಳನ್ನೂ ಬೇರೆಯವರೇ ಹೇಳಿಬಿಡುತ್ತಾರೆ, ತಾನು ಕೈಮುಗಿದು ಕೂತರೆ ಸಾಕು. ಚನ್ನೇಶ ಕೈಮುಗಿದು ಕೂತಿದ್ದ.

ಆ ಅತ್ತಿಗೆ ಜಯವ್ವ ಮುಂದಿನ ಸಾಲಿನಲ್ಲೇ ಇದ್ದಳು. ಮೆಟ್ಟಿಲು ಹತ್ತಿ ಬಂದದ್ದಕ್ಕೇ ತೇಕು ಹತ್ತಿತ್ತು. ಸೆರಗು ಬಾಯಿಗೊತ್ತಿಕೊಂಡು ಕೆಮ್ಮುತ್ತಿದ್ದಳು. ಪಕ್ಕದ ಹೆಂಗಸು ಬಗ್ಗಿ ಏನೋ ಕೇಳಿದಳು. ಜಯವ್ವನ ಉತ್ತರ ವೇದಿಕೆಯವರೆಗೂ ಬಂತು.

"ಏನಿಲ್ಲರಿ, ಮೆಣಸಿನಕಾಯಿ ಘಾಟು. ಹಳೇದು. ನಮ್ಮ ಡಾಕ್ಟರ ಆವಾಗನ ಹೇಳ್ಯಾನ."

ಚಪ್ಪಾಳೆ ಬೀಳುತ್ತಲೇ ಇತ್ತು. ಚನ್ನೇಶನಿಗೆ ಆ ಹಾರವನ್ನು ಕಿತ್ತು ಎಸೆದು ಎದ್ದು ಹೋಗಬೇಕೆನಿಸಿತು, ಆದರೆ ಹೋಗಲಿಲ್ಲ. ಘಾಟು ಅಂದವನು ಅವನೇ.

ತಂದೆತಾಯಿ ಬೇಗ ತೀರಿಕೊಂಡ ಮೇಲೆ ಅಣ್ಣ ಉಡಚಪ್ಪ ತಮ್ಮನನ್ನು ಕಟ್ಟಿಕೊಂಡು ಗುತ್ತಲದಿಂದ ಬ್ಯಾಡಗಿಗೆ ಬಂದು ಹಮಾಲಿ ಹಿಡಿದಿದ್ದ. ಮದುವೆಯಾಗಿ ಬಂದ ಜಯವ್ವ ಮೆಣಸಿನಕಾಯಿ ತೊಟ್ಟು ಮುರಿಯಲು ಗೋದಾಮಿಗೆ ಹೋಗತೊಡಗಿದಳು. ಚನ್ನೇಶ ಹೈಸ್ಕೂಲು ಓದಿದ್ದು, ಹುಬ್ಬಳ್ಳಿಗೆ ಹೋಗಿ ಡಾಕ್ಟರಿ ಓದಿದ್ದು, ಎಲ್ಲಾ ಈ ಗಂಡಹೆಂಡಿರ ರಟ್ಟೆಯ ಮೇಲೆ. ರಜೆಗೆ ಬಂದಾಗ ಅವಳು ಉರಿಯುವ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿ, ಒರೆಸಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮೂರು ತಾಟುಗಳಲ್ಲಿ ಬೆಣ್ಣೆ ಇರುತ್ತಿದ್ದದ್ದು ಅವನ ತಾಟಿನಲ್ಲಿ ಮಾತ್ರ.

ಓದು ಮುಗಿಸಿ, ಹೊಸ ಸ್ಟೆತಸ್ಕೋಪು ಕೊರಳಿಗೆ ಹಾಕಿಕೊಂಡು ಅವನು ಮನೆಗೆ ಬಂದ ಸಲ ಜಯವ್ವ, "ಉಸರ ಹತ್ತತೈತೋ ಚನ್ನೇಶ. ನೀರಿನ ಕೊಡಾ ಎತ್ತಿದ್ರ ಎದಿ ಡವಡವ ಅಂತೈತಿ. ಜರಾ ನೋಡು" ಅಂದಳು.

ಅವಳ ಕಾಯಿಲೆಯ ಸದ್ದು ಬಲು ಮೆಲ್ಲನೆಯದು. ಎಡಮಗ್ಗುಲಿಗೆ ಮಲಗಿಸಿ, ಎದೆಯ ಕೆಳಗೆ ಬರೀ ಮೈಗೆ ಕೊಳವೆ ಒತ್ತಿ, ಉಸಿರು ಹಿಡಿಸಿ ಕೇಳಬೇಕು. ಪರೀಕ್ಷೆಯಲ್ಲಿ ಇದನ್ನೇ ಬರೆದು ಶಾಭಾಸ್ ಅನ್ನಿಸಿಕೊಂಡವನು ಚನ್ನೇಶ. ಆದರೆ ಎದುರಿಗೆ ಕೂತವಳು ವೈನಿ, ಅಣ್ಣನ ಹೆಂಡತಿ. ಬೇರೆ ಯಾವ ಹೆಣ್ಣುಮಗಳಾಗಿದ್ದರೂ ರೋಗಿಯಾಗುತ್ತಿದ್ದಳು, ಇವಳು ಆಗಲಿಲ್ಲ. ಸೆರಗಿನ ಮೇಲೆ, ಅದರ ಮಡಿಕೆಗಳ ಮೇಲೆ ಸ್ಟೆತಸ್ಕೋಪು ಮುಟ್ಟಿಸಿ, ಗೋಡೆಯ ಕ್ಯಾಲೆಂಡರು ನೋಡುತ್ತ, ಸೀರೆಯ ಸರಸರ ಸದ್ದು ಕೇಳಿ ಕೈ ತೆಗೆದ.

"ಘಾಟು, ವೈನಿ. ಬ್ಯಾಡಗ್ಯಾಗ ಕೆಮ್ಮಲಾರದಾವ್ರು ಯಾರದಾರ?"

ಆ ಊರಿನಲ್ಲಿ ಇದಕ್ಕಿಂತ ಸಲೀಸಾದ ಕಾಯಿಲೆ ಇಲ್ಲ, ಯಾರೂ ಎರಡನೇ ಸಲ ಕೇಳುವುದಿಲ್ಲ. ಉಡಚಪ್ಪ ನಿರಾಳವಾದ. ಜಯವ್ವ ಮರುದಿನದಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೋದಾಮಿಗೆ ಹೋದಳು.

ಮುಂದಿನ ವರ್ಷ ಅವಳು ಬಸುರಿಯಾದಳು. ದಿನ ತುಂಬುವ ಮೊದಲೇ ಒಂದು ಮಧ್ಯಾಹ್ನ ಉಸಿರು ಕಟ್ಟಿ, ಬಾಯಲ್ಲಿ ನೊರೆ ಬಂದು, ಹುಬ್ಬಳ್ಳಿಗೆ ಹೊತ್ತೊಯ್ದರು. ಅಲ್ಲಿನ ಹಿರಿಯ ವೈದ್ಯರು ಅವಳ ಎದೆಗೆ ಕೊಳವೆ ಇಟ್ಟವರೇ ಮುಖ ಗಂಟಿಕ್ಕಿದರು. ಚಿಕ್ಕಂದಿನಲ್ಲಿ ಬಂದ ಕೀಲುನೋವಿನ ಜ್ವರ ಹೃದಯದ ಕವಾಟವನ್ನು ಕಚ್ಚಿ, ಅದು ವರ್ಷಗಳಿಂದ ಮುದುಡುತ್ತ ಬಂದಿತ್ತು. "ಇಷ್ಟು ದಿನ ಯಾರೂ ನೋಡೇ ಇಲ್ಲವೇ?" ಎಂದು ಅವರು ಕೇಳಿದರು. ಚನ್ನೇಶ ಮಂಚದ ಕಾಲದೆಸೆಗೇ ನಿಂತಿದ್ದ, ಬಾಯಿ ಬಿಡಲಿಲ್ಲ. ತೊಡೆಯ ನಾಳದಿಂದ ಬಲೂನು ಏರಿಸಿ ಕವಾಟ ಬಿಡಿಸಿದರು. ಜಯವ್ವ ಉಳಿದಳು, ಕೂಸು ಉಳಿಯಲಿಲ್ಲ. ಇನ್ನೊಂದರ ಆಸೆ ಬೇಡ ಎಂದು ವೈದ್ಯರು ಹೇಳಿದರು. ಆ ಮನೆಯಲ್ಲಿ ತೊಟ್ಟಿಲು ಕಟ್ಟಲೇ ಇಲ್ಲ.

ಚನ್ನೇಶ ಹೃದಯದ ವೈದ್ಯನಾದದ್ದು ಆಮೇಲೆ. ಎದೆ ಸೀಳದೆ, ನಾಳದಿಂದ ತಂತಿ ಏರಿಸಿ ಒಳಗಿನ ರಿಪೇರಿ ಮಾಡುವುದನ್ನು ಕಲಿತ. ಹುಬ್ಬಳ್ಳಿಗೇ ಬಂದು ನೆಲೆಸಿದ. ಹೆಸರು ಬಂತು, ಕಾರು ಬಂತು, ತಲೆ ನರೆಯಿತು. ಹೊರಗಿನಿಂದ ಬರುವ ಕವಾಟಗಳು ದೊಡ್ಡ ಮೈಯವರಿಗೆ ಮಾಡಿದವು, ನಮ್ಮ ಕಡೆಯ ಹೆಂಗಸರ ಸಣ್ಣ ಹೃದಯಕ್ಕೆ ಹೊಂದುವುದಿಲ್ಲ ಎಂದು ತಾನೇ ಮಾಡಲು ಕೂತ. ಮಡಿಸಿದ ಕೊಡೆಯಂತೆ ನಾಳದೊಳಗೆ ಹೋಗಿ ಜಾಗಕ್ಕೆ ಬಂದಾಗ ಅರಳುವ ಜಾಲರಿ, ಅದರೊಳಗೆ ಮೂರು ತೆಳು ಪೊರೆ. ಅವನು ಸೇರಿಸಿದ ಹೊಸತೆಂದರೆ ಒಂದು ಕೊಂಡಿ. ಕವಾಟ ವಾರೆಯಾಗಿ ಕೂತರೆ ಪೂರ್ತಿ ಬಿಡುವ ಮೊದಲು ಹಿಂದಕ್ಕೆ ಎಳೆದುಕೊಂಡು ಮತ್ತೆ ಕೂರಿಸಬಹುದು. ಮಂದಿ ಅದನ್ನು ಜಾಣತನ ಅಂದರು. ತಪ್ಪನ್ನು ವಾಪಸು ತೆಗೆದುಕೊಳ್ಳುವಂಥದ್ದೇ ಬೇಕೆಂದು ಈ ಮನುಷ್ಯ ಯಾಕೆ ವರ್ಷಗಟ್ಟಲೆ ಹಟ ಹಿಡಿದ ಎಂದು ಯಾರೂ ಕೇಳಲಿಲ್ಲ.

ಜೊತೆಗಿದ್ದ ಎಂಜಿನಿಯರು, ರಾಣೆಬೆನ್ನೂರಿನ ಮೈಲೇಶ, ಒಮ್ಮೆ ಅತಿ ಚಿಕ್ಕ ಅಳತೆಯ ಜಾಲರಿ ಬೆರಳಲ್ಲಿ ಹಿಡಿದು, "ಸರ್, ಇಷ್ಟ ಸಣ್ಣ ಎದಿ ಯಾರದರಿ? ಇದನ್ನ ಯಾರಿಗೆ ಹಾಕ್ತೀರಿ?" ಎಂದು ನಕ್ಕಿದ್ದ. ಚನ್ನೇಶ ವೈನಿಯ ಸ್ಕ್ಯಾನು ನೋಡಿ ಆ ಅಳತೆ ಹೇಳಿದ್ದ. "ಬೇಕಾಗತೈತಿ, ಮಾಡು" ಎಂದಷ್ಟೇ ಅಂದ.

ಬೇಕಾಯಿತು. ಹಾವೇರಿಯ ಸನ್ಮಾನದ ಮರುವಾರ ಜಯವ್ವನ ಕಾಲು ಬಾತವು, ದಿಂಬಿಗೆ ತಲೆ ಇಟ್ಟರೆ ಉಸಿರಾಡಲು ಆಗುತ್ತಿರಲಿಲ್ಲ. ಬಲೂನು ಬಿಡಿಸಿದ್ದ ಕವಾಟ ಮತ್ತೆ ಮುಚ್ಚಿ ಸುಣ್ಣಗಟ್ಟಿತ್ತು. ಎದೆ ತೆರೆಯುವ ಆಪರೇಶನ್ನು ಈ ಮೈ ತಡೆಯದು ಎಂದು ಶಸ್ತ್ರವೈದ್ಯರು ಕೈ ಎತ್ತಿದರು. ಉಳಿದದ್ದು ಒಂದೇ, ಆ ಸಣ್ಣ ಕವಾಟ. ಆಸ್ಪತ್ರೆಯ ಸಮಿತಿ ಒಪ್ಪಿತು, ಉಡಚಪ್ಪನೂ ಒಪ್ಪಿದ.

ಹಾಕುವವರು ಯಾರು? ಚನ್ನೇಶ ತನ್ನ ಸಹೋದ್ಯೋಗಿ ಡಾಕ್ಟರ್ ಮುಸರತಳ ಕೋಣೆಗೆ ಹೋಗಿ, ನೀವೇ ಹಾಕಬೇಕು ಅಂದ.

"ಸಣ್ಣ ಅಳತೀವು ಹಾಕಿದ ಕೈ ನಿಮ್ಮದೊಂದ" ಅಂದಳು ಮುಸರತ. "ನಾ ಹಿಂದಕ್ಕ ಎಳದು ಮತ್ತ ಕುಂದ್ರಸೋ ಅಷ್ಟು ಹೊತ್ತು ಆಕಿ ಎದಿ ತಡಕೊಳ್ಳೂದಿಲ್ಲ. ನಿಮಗೂ ಗೊತ್ತದ."

"ಆಕಿ ನನ್ನ ವೈನಿ. ತೊಡಿ ಮುಟ್ಟಬೇಕು, ಎದಿ ನೋಡಬೇಕು. ಆಕಿ ಒಪ್ಪೂದಿಲ್ಲ."

ಕೇಳಿದ್ದನೇ? ಇಲ್ಲ. ಮನೆಯವರ ಮೇಲೆ ವೈದ್ಯ ಕೈ ಇಡಬಾರದೆಂಬ ರೂಢಿಯೂ ಅವನ ಬೆನ್ನಿಗಿತ್ತು. ಖರೇ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ಒಮ್ಮೆ ಕೆಟ್ಟ ಕೈ ಇನ್ನೊಮ್ಮೆ ಅವಳ ಮೇಲೆಯೇ ಕೆಟ್ಟರೆ ಏನು ಗತಿ ಎಂಬ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳುವ ಬದಲು ವೈನಿಯ ಸಂಕೋಚದ ಹಿಂದೆ ನಿಂತುಕೊಂಡ. ಅಲ್ಲಿ ನಿಂತು ಅವನಿಗೆ ರೂಢಿಯಾಗಿತ್ತು. ಆವತ್ತು ಸೆರಗಿನ ಮೇಲೆ ಕೊಳವೆ ಇಟ್ಟದ್ದಕ್ಕೂ ಇಷ್ಟು ವರ್ಷ ಅವನು ಹೇಳಿಕೊಳ್ಳುತ್ತ ಬಂದದ್ದು ಇದನ್ನೇ: ಅವಳಿಗೆ ನಾಚಿಕೆಯಾದೀತು ಅಂತ ಹಾಗೆ ಮಾಡಿದೆ, ನಮ್ಮ ಮನೆಗಳ ಪದ್ಧತಿಯೇ ಹಾಗೆ.

ಸಂಜೆ ವಾರ್ಡಿಗೆ ಹೋಗಿ, "ನಾಳೆ ಮುಸರತ ಮೇಡಂ ಮಾಡ್ತಾರ, ವೈನಿ. ಹೆಣ್ಣುಮಗಳು. ನಿನಗ ಸಂಕೋಚ ಇರೂದಿಲ್ಲ" ಅಂದ.

ಜಯವ್ವ ದಿಂಬಿಗೆ ಒರಗಿ ಕೂತಿದ್ದಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

"ನನಗ ಯಾವ ಸಂಕೋಚೋ?" ಅಂದಳು. "ಆವತ್ತ ಸೆರಗ ನಾನ ಸರಸಿದ್ದೆ. ಕುಬಸದ ಗುಂಡಿಗೂ ಕೈ ಹಾಕಿದ್ದೆ. ನೀನ 'ಇರಲಿ ಬಿಡು' ಅಂತ ಮಾರಿ ತಿರುವಿದಿ. ಜೀವಕ್ಕ ಬಂದಾಕಿಗೆ ನಾಚಿಕಿ ಎಲ್ಲೀದು? ನಾಚಿಕಿ ನಿಂದು."

ಚನ್ನೇಶನಿಗೆ ನೆನಪಾಯಿತು. ಕ್ಯಾಲೆಂಡರು ನೆನಪಿತ್ತು, ಸರಸರ ಸದ್ದು ನೆನಪಿತ್ತು, ಈ ಒಂದನ್ನು ಮಾತ್ರ ಜಾಣತನದಿಂದ ಮರೆತಿದ್ದ. ಅವನು ಮಂಚದ ಅಂಚಿಗೆ ಕೂತ. ಅವಳು ಸೆರಗು ಸರಿಸಿ, ಕಷ್ಟಪಟ್ಟು ಎಡಮಗ್ಗುಲಾದಳು.

"ಈಗ ಕೇಳು."

ಅವನು ಕೊಳವೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಅವಳ ಬರೀ ಎದೆಗೆ ಇಟ್ಟ. ದೂರದಲ್ಲಿ ಬೀಸುವ ಕಲ್ಲು ತಿರುಗಿದಂಥ ಸದ್ದು, ಮೆಲ್ಲಗೆ, ಬಿಟ್ಟೂಬಿಡದೆ. ಒಂದೇ ಒಂದು ಸಲ ಇಟ್ಟಿದ್ದರೆ ಸಾಕಾಗಿತ್ತು.

"ಕೇಳಸ್ತೇನ?"

"ಕೇಳಸ್ತು."

"ಆವತ್ತೂ ಇತ್ತೇನ ಇದು?"

"ಇತ್ತು, ವೈನಿ. ಆವತ್ತೂ ಇತ್ತು."

ಜಯವ್ವ ಸೆರಗು ಹೊದ್ದುಕೊಂಡಳು. ಅಳಲಿಲ್ಲ, ಬೈಯಲಿಲ್ಲ. "ಬಲೂನ ಹಾಕಿದ ದಿನದಿಂದ ನನಗ ಗೊತ್ತಿತ್ತು. ನೀ ಇವತ್ತ ಹೇಳ್ತಿ, ನಾಳೆ ಹೇಳ್ತಿ ಅಂತ ಕೇಳಿದಾವ್ರಿಗೆಲ್ಲಾ ಘಾಟು ಅನಕೋತ ಬಂದೆ. ಇನ್ನ ಅನ್ನೂದಿಲ್ಲ" ಅಂದಳು. ತುಸು ತಡೆದು, "ನಾಳೆ ನೀನ ಹಾಕು" ಅಂದಳು.

ಮರುದಿನ ಚನ್ನೇಶನೇ ಹಾಕಿದ, ಮುಸರತ ಪಕ್ಕದಲ್ಲಿ ನಿಂತಳು. ಜಾಲರಿ ಅರಳಿತು, ಪೊರೆಗಳು ತೆರೆದು ಮುಚ್ಚಿದವು. ಕೊಂಡಿ ಹಿಂದಕ್ಕೆ ಎಳೆಯುವ ಪ್ರಸಂಗ ಬರಲಿಲ್ಲ.

ಕೆಲ ದಿನಗಳ ಮೇಲೆ ಬೆಳಗಿನ ರೌಂಡಿಗೆ ಅವನು ವಾರ್ಡಿನ ಬಾಗಿಲಿಗೆ ಬಂದಾಗ ಜಯವ್ವ ಕಾಲು ಇಳಿಬಿಟ್ಟು ಕೂತು ಚಹಾ ಕುಡಿಯುತ್ತಿದ್ದಳು. ಪಕ್ಕದ ಮಂಚದ ಗಳಗನಾಥದ ಮುದುಕಿ ಹೊಳಿಯವ್ವ, "ಬ್ಯಾಡಗಿಯಾಕಿ ಅಂದಿ. ಮೆಣಸಿನಕಾಯಿ ಘಾಟು ಎದಿಗೆ ಹೊಕ್ಕಿತ್ತೇನವ್ವ?" ಎಂದು ಕೇಳಿದಳು.

"ಘಾಟು ಅಲ್ಲವಾ. ಎದಿ ಕವಾಟ ಕೆಟ್ಟಿತ್ತು. ಭಾಳ ಮೊದಲ ಕೆಟ್ಟಿತ್ತು. ಒಂದು ಕೂಸೂ ಹೋತು ಅದರಾಗ. ನಮ್ಮ ಮೈದುನಾ ಆವಾಗ ಸರಿ ನೋಡಲಿಲ್ಲ."

"ಯಾವ ಮೈದುನಾ? ಈ ದೊಡ್ಡ ಡಾಕ್ಟರೇನ?"

ಜಯವ್ವ ಬಾಗಿಲ ಕಡೆ ನೋಡಿದಳು. ಚನ್ನೇಶ ಇನ್ನೂ ಹೊಸ್ತಿಲಾಚೆಗೇ ಇದ್ದ, ಹಿಂದಕ್ಕೆ ಹೋಗಬಹುದಿತ್ತು. ಹೋಗದೆ ಒಳಗೆ ಬಂದು ಹೊಳಿಯವ್ವನ ಮುಂದೆ ನಿಂತು, "ಹೌದಬೇ, ನಾನ" ಅಂದ.