ಜಗುಲಿಯ ಗಾಳಿ

ಎಂಬತ್ತರ ದಶಕದ ನಮ್ಮ ವರದಕ್ಷಿಣೆ ವಿರೋಧಿ ಮೆರವಣಿಗೆಗಳಲ್ಲಿ ಘೋಷಣೆ ಕೂಗಲು ಚೇಳೂರಿನ ದಲಿತ ಕೇರಿಯಿಂದ ಬರುತ್ತಿದ್ದ ಒಬ್ಬಾಕೆಯೇ ಬೇಕಿತ್ತು. ಉಪ್ಪಾರಹಳ್ಳಿಯಲ್ಲಿದ್ದ ನಮ್ಮ ಮಹಿಳಾ ಸಂಘದ ಅಧ್ಯಕ್ಷೆಯ ಮನೆಯಲ್ಲಿ ಸಭೆ ನಡೆದಾಗ ಮಾತ್ರ ಆಕೆಗೆ ಜಗುಲಿ, ಬೇರೆ ಲೋಟ. ನಾನು ಒಳಗೆ ಕರೆದರೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಇಲ್ಲೇ ಗಾಳಿ ಚೆನ್ನಾಗೈತೆ ಬುಡಮ್ಮ" ಎನ್ನುತ್ತಿದ್ದರು.

ಒಮ್ಮೆ ಪೊಲೀಸರು ನಮ್ಮನ್ನೆಲ್ಲ ವ್ಯಾನಿಗೆ ತುಂಬಿ ಠಾಣೆಗೆ ಒಯ್ದರು. ಕೂಗಿ ಕೂಗಿ ಎಲ್ಲರ ಗಂಟಲೂ ಒಣಗಿತ್ತು. ಅಲ್ಲಿದ್ದದ್ದು ಒಂದು ಗಡಿಗೆ ನೀರು, ಒಂದೇ ಲೋಟ. ಆಕೆ ಕಚ್ಚಿ ಕುಡಿದು, ಮತ್ತೆ ತುಂಬಿಸಿ ಅಧ್ಯಕ್ಷೆಯ ಮುಂದೆ ಹಿಡಿದರು. ಅಧ್ಯಕ್ಷೆ ಲೋಟವನ್ನೇ ನೋಡಿದರು. ಆಮೇಲೆ, ಎತ್ತಿ ಕುಡಿಯದೆ, ತಾವೂ ಕಚ್ಚಿಯೇ ಕುಡಿದರು. ಅಬ್ಬಾ, ನನಗೆ ಉಸಿರು ಬಂತು.

ಮುಂದಿನ ಸಭೆಗೆ ಆಕೆ, ಯಾರೂ ಕರೆಯುವ ಮೊದಲೇ, ನಡುಮನೆಗೆ ಬಂದು ಫ್ಯಾನಿನ ಕೆಳಗೆ ಕುಳಿತರು.

"ಒಳಗೂ ಗಾಳಿ ಐತಲ್ರಮ್ಮ!"