ಬೆಲ್ಲ ನೀರಿಗೆ ಆಧಾರ ಬೇಕು

ಪೆಂಗ್ವಿನ್ ಹಕ್ಕಿಯನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಕನ್ನಡದಲ್ಲಿ ಅದರ ಬಗ್ಗೆ ಓದುವವರಿಗೆ ಅದು ಮೊಟ್ಟೆಗೆ ಹೇಗೆ ಕಾವು ಕೊಡುತ್ತದೆಂದು ತಿಳಿಯುವುದು ನಾನು ಬರೆದ ವಾಕ್ಯದಿಂದ. ಅಂತರ್ಜಾಲದಲ್ಲಿ ಒಂದು ವಿಶ್ವಕೋಶ ಇದೆಯಲ್ಲ, ಯಾರು ಬೇಕಾದರೂ ಬರೆಯಬಹುದು, ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು ಎಂಬಂಥದ್ದು, ಅದರಲ್ಲಿ ನಾನೂ ಕೈಯಾಡಿಸುತ್ತೇನೆ. ಶಾಲೆ ಬಿಟ್ಟು, ಪೆರ್ಲದಲ್ಲಿ ಬಸ್ಸಿಳಿದು, ಮನೆಗೆ ಬಂದು ಚಹಾ ಕುಡಿದು ಜಗಲಿಯ ಮೂಲೆಯಲ್ಲಿ ಕೂತೆನೆಂದರೆ ದೀಪ ಹಚ್ಚುವ ಹೊತ್ತಿನವರೆಗೆ ನನ್ನ ಲೋಕಸಂಚಾರ. ಜಗಲಿಯ ಮೂಲೆಯೇ ಯಾಕೆಂದರೆ ನಮ್ಮದು ಗಡಿಯ ಊರು. ಒಳಗೆ ಕೂತರೆ ಮೊಬೈಲು ಕೇರಳದ ಟವರನ್ನು ಹಿಡಿಯಲೋ ಕರ್ನಾಟಕದ್ದನ್ನು ಹಿಡಿಯಲೋ ಎಂದು ಯೋಚಿಸುತ್ತಾ ಎರಡನ್ನೂ ಬಿಟ್ಟುಬಿಡುತ್ತದೆ.

ಅಲ್ಲಿ ಬರೆಯುವವರಿಗೆಲ್ಲ ಒಂದೊಂದು ಅಡ್ಡಹೆಸರು. ನಾನು ‘ಒಗ್ಗರಣೆ’. ಇಡೀ ಅಡುಗೆ ಮಾಡುವ ತಾಕತ್ತು ನನಗಿಲ್ಲ. ಯಾರೋ ಬೇಯಿಸಿಟ್ಟದ್ದಕ್ಕೆ ನಾಲ್ಕು ಸಾಸಿವೆ ಸಿಡಿಸಿ ಕೆಳಗಿಡುವುದಷ್ಟೇ ನನ್ನ ಪಾಲು. ಜ್ವಾಲಾಮುಖಿಗೆ ಒಂದು ವಾಕ್ಯ, ಪ್ರೆಶರ್ ಕುಕ್ಕರಿಗೆ ಒಂದು ಪ್ಯಾರಾ, ಶನಿಗ್ರಹದ ಉಂಗುರಕ್ಕೆ ಒಂದು ಅಲ್ಪವಿರಾಮ. ಶಾಲೆಯಲ್ಲಿ ನಾನು ಕಲಿಸುವುದು ಕನ್ನಡ. ಅದನ್ನು ಕಲಿಯುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದರಿಂದ, ಉಳಿದ ಕನ್ನಡವನ್ನೆಲ್ಲ ಇಲ್ಲಿ ಖರ್ಚು ಮಾಡುತ್ತೇನೋ ಏನೋ. ನಮ್ಮವರಿಗೆ ಇದೊಂದು ತಮಾಷೆ. “ಅಡುಗೆಮನೆಯ ಗ್ಯಾಸ್ ಯಾವಾಗ ಮುಗಿಯುತ್ತದೆಂದು ನಿನಗೆ ಗೊತ್ತಿಲ್ಲ, ಶನಿಗ್ರಹದಲ್ಲಿ ಎಂತ ಗ್ಯಾಸ್ ಉಂಟು ಅಂತ ಬರೀತಿ” ಎನ್ನುತ್ತಾರೆ. ಮಾತು ಸುಳ್ಳಲ್ಲ.

ಎಲ್ಲವನ್ನೂ ಒಂದೇ ಕಡೆ ಬರೆದಿಡುವ ಹುಚ್ಚು ನಮ್ಮಲ್ಲಿ ಹೊಸದೇನಲ್ಲ. ಬಾವಿ ಎಲ್ಲಿ ತೋಡಬೇಕು, ಹಾವು ಕಚ್ಚಿದರೆ ಏನು ಮಾಡಬೇಕು, ಮೊಸರಿಗೆ ಏನು ಹಾಕಿದರೆ ರುಚಿ, ಎಲ್ಲವನ್ನೂ ಒಂದೇ ಗ್ರಂಥದಲ್ಲಿ ಪದ್ಯ ಕಟ್ಟಿ ಹೇಳಿದ ಪುಣ್ಯಾತ್ಮರು ಹಳೆಗನ್ನಡದ ಕಾಲದಲ್ಲೇ ಇದ್ದರು. ಅವರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಯಾಕೆಂದರೆ “ಮೊಸರಿನ ವಿಷಯ ನಿನಗೆ ಹೇಗೆ ಗೊತ್ತು?” ಎಂದು ಅವರನ್ನು ಯಾರೂ ಕೇಳಲಿಲ್ಲ. ನಮ್ಮ ವಿಶ್ವಕೋಶದಲ್ಲಿ ಕೇಳುತ್ತಾರೆ. ಬರೆದ ಮಾತು ಮೊದಲು ಎಲ್ಲಾದರೂ ಅಚ್ಚಾಗಿರಬೇಕು, ಎಲ್ಲಿ ಅಚ್ಚಾಯಿತೆಂದು ಅಡಿಟಿಪ್ಪಣಿ ಕೊಡಬೇಕು. ಕೊಡದಿದ್ದರೆ ವಾಕ್ಯದ ತಲೆಯ ಮೇಲೆ ‘ಆಧಾರ ಬೇಕು’ ಎಂಬ ಪುಟ್ಟ ಚೀಟಿ ಬಂದು ಕೂರುತ್ತದೆ. ಕೆಲವು ಕಾಲ ಕಾದು ವಾಕ್ಯವನ್ನೇ ಅಳಿಸುತ್ತಾರೆ. ಪೆಂಗ್ವಿನ್ನಿಗೆ ಆಧಾರ ಸಿಕ್ಕಿತು, ಶನಿಗೂ ಸಿಕ್ಕಿತು. ನಾನು ಸಿಕ್ಕಿಬಿದ್ದದ್ದು ಒಂದು ಚೆಂಬು ನೀರಿನಲ್ಲಿ.

ಅದಕ್ಕೆ ಕಾರಣ ನನ್ನ ಮಾವ, ನಮ್ಮವರ ತಂದೆ. ಎಂಬತ್ತು ದಾಟಿದವರು. ಒಂದು ಕಾಲದಲ್ಲಿ ಊರಿನ ಬೇಲಿ ಜಗಳ, ನೀರಿನ ಜಗಳಗಳನ್ನೆಲ್ಲ ಕೋರ್ಟಿಗೆ ಹೋಗಲು ಬಿಡದೆ ಇದೇ ಜಗಲಿಯಲ್ಲಿ ಪಂಚಾತಿಕೆ ಮಾಡಿ ತೀರಿಸುತ್ತಿದ್ದರು. ಈಗ ಜಗಳಗಳೂ ಕಡಿಮೆ, ಇರುವ ಜಗಳಗಳಿಗೆ ವಕೀಲರೂ ಜಾಸ್ತಿ. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಮಾತೂ ಕಡಿಮೆಯಾಗಿತ್ತು. ಒಂದು ಸಂಜೆ ನನ್ನ ಪಕ್ಕ ಕೂತು, ಇದೆಂತ ಬರೆಯುವುದು ಎಂದು ಕೇಳಿದರು. ಹೇಳಿದೆ. “ಲೋಕದ ಎಲ್ಲ ಸಂಗತಿಯೂ ಉಂಟಾ? ನಮ್ಮ ಊರೂ ಉಂಟಾ?” ಎಂದರು. ಇತ್ತು. ಪಿನ್‌ಕೋಡ್, ಹತ್ತಿರದ ರೈಲ್ವೆ ಸ್ಟೇಷನ್, ಮಾತಾಡುವ ಭಾಷೆಗಳು. ಓದಿ ಹೇಳಿದೆ. ಮಾವ, “ಅಷ್ಟೆಯಾ? ನೀರು ಕೊಡುವುದು ಬರೆಯಲಿಲ್ಲವಾ?” ಎಂದರು.

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೆಂಬು ನೀರು. ಬೆಲ್ಲ ಕಚ್ಚಿ ನೀರು ಕುಡಿದ ಮೇಲೆಯೇ ಬಂದ ಕೆಲಸದ ಮಾತು. ಈಗ ಹಲವು ಮನೆಗಳಲ್ಲಿ ಆ ಜಾಗಕ್ಕೆ ಬಾಟಲಿಯ ಶರಬತ್ತು ಬಂದಿದೆ. ಆದರೆ ಅತ್ತೆ ಕೊನೆಯವರೆಗೂ ಬಿಡಲಿಲ್ಲ. ಕರೆಂಟಿನ ಬಿಲ್ಲಿನವರು ಬಂದರೂ ಬೆಲ್ಲ, ಮತ ಕೇಳಲು ಬಂದ ಮೂರೂ ಪಕ್ಷದವರಿಗೂ ಬೆಲ್ಲ. ಮಾವ ಅಂದು ಹೇಳಿ ಬರೆಸಿದ್ದು ಈ ಎರಡು ವಾಕ್ಯ: ‘ಇಲ್ಲಿ ಮನೆಗೆ ಬಂದವರಿಗೆ, ಯಾಕೆ ಬಂದಿರಿ ಎಂದು ಕೇಳುವ ಮೊದಲು, ಬೆಲ್ಲ ಮತ್ತು ನೀರು ಕೊಡುತ್ತಾರೆ. ಈ ಕ್ರಮ ಬೇರೆಲ್ಲೂ ಇಲ್ಲ.’ ಅತ್ತೆಯ ಹೆಸರನ್ನು ಅವರು ಎತ್ತಲೇ ಇಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಲೋಕದ ಪುಸ್ತಕದಲ್ಲಿ ಅವರ ಹೆಂಡತಿ ಯಾರಿಗೋ ನೀರು ಕೊಡುತ್ತಾ ನಿಂತಿದ್ದಾಳೆ ಎಂಬುದು ಅವರ ಮುಖದಲ್ಲೇ ಇತ್ತು. ಪಿನ್‌ಕೋಡಿನ ಕೆಳಗೆ ಆ ಎರಡು ವಾಕ್ಯಗಳನ್ನು ಸೇರಿಸಿದೆ. ಮರುದಿನದಿಂದ ಸಂಜೆ ನಾನು ಕೂತ ಕೂಡಲೇ ಒಂದೇ ಪ್ರಶ್ನೆ: “ಎಂತ ಮಾರಾಯ್ತಿ, ನಮ್ಮದು ಉಂಟಾ?” ಉಂಟು ಮಾವ ಎಂದರೆ ತೃಪ್ತಿಯಿಂದ ವೀಳ್ಯ ಹಾಕಿಕೊಳ್ಳುತ್ತಿದ್ದರು.

ಆಮೇಲೆ ಚೀಟಿ ಬಂತು. ಅಂಟಿಸಿದವರು ‘ಬಿಳಿಜೋಳ’ ಎಂಬ ಅಡ್ಡಹೆಸರಿನವರು. ನನಗೆ ಹಳೆಯ ಪರಿಚಯ, ಅಂದರೆ ಹಳೆಯ ಜಗಳ; ನನ್ನ ಎಷ್ಟೋ ಒಗ್ಗರಣೆಗಳನ್ನು ಸೀದು ಹೋಗಿದೆ ಎಂದು ತೆಗೆದುಹಾಕಿದವರು. ನಾನು ಅಚ್ಚಾದ ಆಧಾರಕ್ಕಾಗಿ ಶಾಲೆಯ ಲೈಬ್ರರಿ ಹುಡುಕಿದೆ, ಬದಿಯಡ್ಕ ಪೇಟೆಗೆ ಹೋಗಿ ಹಳೆಯ ಸ್ಮರಣಸಂಚಿಕೆಗಳನ್ನು ತಿರುವಿದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಯಾರು ಏನು ಕೊಟ್ಟರೆಂದು ಇತ್ತು. ಬಂದವರಿಗೆ ನೀರು ಯಾರು ಕೊಟ್ಟರೆಂದು ಯಾರೂ ಬರೆದಿರಲಿಲ್ಲ. ದಿನಾ ಮಾಡುವುದನ್ನು ಯಾರಾದರೂ ಅಚ್ಚು ಹಾಕಿಸುತ್ತಾರೆಯೇ? ಕೊನೆಗೊಂದು ಸಂಜೆ ಎರಡೂ ವಾಕ್ಯಗಳು ಅಳಿಸಿ ಹೋಗಿದ್ದವು. ಮಾವ ಎಂದಿನಂತೆ ಕೇಳಿದರು. ಇಲ್ಲ ಮಾವ, ಆಧಾರ ಇಲ್ಲವೆಂದು ತೆಗೆದರು ಎಂದೆ.

ಮಾವನಿಗೆ ಬೇಸರವಾಗುತ್ತದೆಂದು ನಾನು ಎಣಿಸಿದ್ದೆ. ಅವರಿಗೆ ಬಂದದ್ದು ಹುರುಪು. “ಆಧಾರ ಕೇಳುವುದು ಸರಿಯೇ. ಎದುರು ಪಕ್ಷದವನು ಕೇಳಲೇಬೇಕಲ್ಲ? ಅವನನ್ನು ಬರಲಿಕ್ಕೆ ಹೇಳು. ಸಾಕ್ಷಿ ನಾನು ಕೊಡಿಸುತ್ತೇನೆ” ಎಂದರು. ಬಹಳ ಕಾಲದ ನಂತರ ಜಗಲಿಗೆ ಒಂದು ಪಂಚಾತಿಕೆ ಬಂದಿತ್ತು! ಅದು ಹಾಗಲ್ಲ ಮಾವ, ಸಾಕ್ಷಿ ನಡೆಯುವುದಿಲ್ಲ, ಅಚ್ಚಾಗಿರಬೇಕು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವರ ಸಮಾಧಾನಕ್ಕೆಂದು ಬಿಳಿಜೋಳಕ್ಕೆ ಬರೆದೆ: ನನ್ನ ಮಾವ ನಿಮ್ಮನ್ನು ವಿಚಾರಣೆಗೆ ಕರೆಯುತ್ತಿದ್ದಾರೆ, ಈ ಕಡೆ ಬಂದರೆ ಮನೆಗೆ ಬನ್ನಿ, ವಿಳಾಸ ಇದು.

ಬರುತ್ತಾರೆಂದು ಯಾರಿಗೆ ಗೊತ್ತಿತ್ತು? ಪುತ್ತೂರಿಗೆ ಗೆಳೆಯನ ಮಗಳ ಮದುವೆಗೆ ಬಂದವರು, ನಾಳೆ ಬರುತ್ತೇನೆಂದು ತಿಳಿಸಿ, ಬಸ್ಸು ಹಿಡಿದು ಬಂದೇಬಿಟ್ಟರು. ನಾನು ಮೀಸೆಯ ಗಡಸು ಮನುಷ್ಯನನ್ನು ಕಲ್ಪಿಸಿಕೊಂಡಿದ್ದೆ. ಬಂದವರು ಗದಗದ ಕಡೆಯ ಒಂದು ಕಾಲೇಜಿನ ಗ್ರಂಥಪಾಲಕರು, ಸಣ್ಣ ದನಿಯ ಬಡಕಲು ಮನುಷ್ಯ. ಮಾವ ಸಾಕ್ಷಿಗಳನ್ನು ಮೊದಲೇ ಕೂರಿಸಿದ್ದರು: ಕೆಳಗಿನ ಮನೆಯ ಬೀಡಿ ಕಟ್ಟುವ ಕಮಲಕ್ಕ, ಕರಿಮೆಣಸು ಕೊಳ್ಳಲು ಬರುವ ಮೋನು ಬ್ಯಾರಿ. ಮೋನು ಬ್ಯಾರಿ ಇಸ್ತ್ರಿ ಹಾಕಿದ ಅಂಗಿ ತೊಟ್ಟೇ ಬಂದಿದ್ದರು. ಬಿಳಿಜೋಳ ಚಪ್ಪಲಿ ಕಳಚುವುದರೊಳಗೆ ಕಮಲಕ್ಕ ಶುರು ಮಾಡಿದರು. “ಈ ಮನೆಯ ಅಮ್ಮ ಇರುವಾಗ ನಾನು ಅಂಗಡಿಗೆ ಬೀಡಿ ಕೊಡ್ಲಿಕ್ಕೆ ಹೋಗುವಾಗೆಲ್ಲ ಇಲ್ಲಿ ಕೂತು ಬೆಲ್ಲ ನೀರು ಕುಡಿದೇ ಹೋದದ್ದು. ಎಲ್ಲಿ ಬೇಕಾದ್ರೂ ಹೇಳ್ತೇನೆ. ಬರೆಯಿರಿ!”

ಮಾವ ಕೈಯೆತ್ತಿ ಅವರನ್ನು ತಡೆದರು. ಬಂದವರಿಗೆ ಇನ್ನೂ ನೀರು ಕೊಟ್ಟಿರಲಿಲ್ಲ.

ನಾನು ತಟ್ಟೆ, ಚೆಂಬು ತಂದಿಟ್ಟೆ. ಬಿಳಿಜೋಳ ಬೆಲ್ಲ ಬಾಯಿಗೆ ಹಾಕಿಕೊಂಡು, ನೀರನ್ನು ಎತ್ತಿ ಕುಡಿದು, ಚೆಂಬನ್ನು ಕೆಳಗಿಡದೆ ಹಾಗೇ ಹಿಡಿದು ಕೂತರು. “ನಮ್ಮ ಅಜ್ಜಿನೂ ಹಿಂಗ ಕೊಡ್ತಿದ್ಲು ರೀ. ಬಿಸಲಾಗ ಯಾರ ಬಂದ್ರೂ ಮೊದಲ ಇದ. ನೀವು ಬ್ಯಾರೆ ಎಲ್ಲೂ ಇಲ್ಲ ಅಂತ ಬರದಿದ್ರಿ ನೋಡ್ರಿ, ಅದಕ್ಕ ನನಗ ಒಂಥರಾ ಆತು” ಎಂದರು. ನಾನು ಇಷ್ಟು ದಿನ ಇವರನ್ನು ನಿಯಮದ ಮನುಷ್ಯ ಎಂದು ಬೈದುಕೊಂಡಿದ್ದೆ. ಅವರೂ ತಮ್ಮ ಅಜ್ಜಿಯ ಪರವಾಗಿಯೇ ಜಗಳ ಮಾಡಿದ್ದರು. ಮಾವನ ಕಣ್ಣು ಒದ್ದೆಯಾಯಿತು. “ಹಾಗಾದರೆ ಆ ಎರಡನೇ ವಾಕ್ಯ ತಪ್ಪು. ಅದನ್ನು ತೆಗೆದದ್ದು ಸರಿ” ಎಂದು ತಾವೇ ತೀರ್ಪು ಕೊಟ್ಟು, ಇನ್ನೊಂದು ತುಂಡು ಬೆಲ್ಲವನ್ನು ಅವರ ಕೈಗಿಟ್ಟರು.

ಮೊದಲನೆಯ ವಾಕ್ಯ? ಅದರ ವ್ಯಾಜ್ಯ ಮಾತ್ರ ನಿಂತಲ್ಲೇ ನಿಂತಿತು. “ನಾ ನಂಬತೇನ್ರೀ ಅಜ್ಜಾರ. ಆದ್ರ ನಾ ನಂಬಿದ್ರ ಪುಸ್ತಕ ನಂಬಂಗಿಲ್ಲಲ್ರೀ” ಎಂದರು ಬಿಳಿಜೋಳ. ಎಲ್ಲಾದರೂ ಅಚ್ಚಾಗಲಿ, ಯಾರಾದರೂ ಅದನ್ನು ತೋರಿಸಿ ಬರೆಯಲಿ. ತಾವಂತೂ ಇನ್ನು ಆ ಪುಟ ಮುಟ್ಟುವುದಿಲ್ಲ, ಬೆಲ್ಲ ತಿಂದ ಮೇಲೆ ತಾವೂ ಈ ಮನೆಯ ಪಕ್ಷದವರೇ ಎಂದು ನಕ್ಕರು. ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದದ್ದು ಮೋನು ಬ್ಯಾರಿ.

ಹಾಗೆ ಈ ಪ್ರಬಂಧ ಹುಟ್ಟಿತು. ಇದು ಅಚ್ಚಾದರೆ ಬೆಲ್ಲ ನೀರಿಗೆ ಒಂದು ಆಧಾರವಾಯಿತು. ಆದರೆ ನಾನು ಬರೆದದ್ದನ್ನು ನಾನೇ ಆಧಾರವೆಂದು ತೋರಿಸಿದರೆ ಒಪ್ಪುವುದಿಲ್ಲ. ಆದ್ದರಿಂದ ಓದುಗರೇ, ನಿಮ್ಮಲ್ಲಿ ಯಾರಾದರೂ ಆ ವಾಕ್ಯವನ್ನು ಸೇರಿಸಿ ಎಂದು ಕೇಳಿಕೊಳ್ಳೋಣವೆಂದಿದ್ದೆ. ಮಾವನಿಗೂ ಓದಿ ಹೇಳಿದೆ. ಒಂದೇ ತೊಡಕು ಮಾವ, ಸೇರಿಸುವವರು ನಮ್ಮ ಮನೆಗೆ ಬರಬಾರದು. ಬಂದು ನೀರು ಕುಡಿದರೆ ಅವರೂ ನಮ್ಮ ಪಕ್ಷದವರಾಗುತ್ತಾರೆ, ಆಮೇಲೆ ಅವರು ಬರೆದದ್ದೂ ನಡೆಯುವುದಿಲ್ಲ ಎಂದೆ.

ಮಾವನಿಗೆ ಯೋಚಿಸಲು ಹೊತ್ತೇ ಬೇಕಾಗಲಿಲ್ಲ.

“ಹಾಗಾದರೆ ಬರೆಯುವುದು ಬೇಡ” ಎಂದರು. “ಬರಲಿ.”